ಚುಕ್ಕಿ ಒಳಗೋ, ಹೊರಗೋ?

ಇಂಗ್ಲಿಷ್ ವಾಕ್ಯವೊಂದು ಬೇರೆಯವರ ಮಾತಿನೊಂದಿಗೆ ಮುಗಿಯುವಾಗ ಪೂರ್ಣವಿರಾಮದ ಚುಕ್ಕಿ ಎಲ್ಲಿ ಬೀಳಬೇಕು? ಉದ್ಧರಣ ಚಿಹ್ನೆ ಮುಚ್ಚುವ ಮೊದಲೋ, ಮುಚ್ಚಿದ ಮೇಲೋ? ಸಂಶೋಧನಾ ಪ್ರಬಂಧ ಬರೆಯುವ ವಿದ್ಯಾರ್ಥಿ, ಕನ್ನಡದ ಕಥೆಯನ್ನು ಇಂಗ್ಲಿಷಿಗೆ ತರುವ ಅನುವಾದಕ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಬಳಕೆದಾರರ ಕೈಪಿಡಿ ಸಿದ್ಧಪಡಿಸುವವರು, ಇಂಗ್ಲಿಷ್ ಪತ್ರಿಕೆಗಳ ಡೆಸ್ಕಿನಲ್ಲಿ ಕೆಲಸ ಮಾಡುವವರು ಎಲ್ಲರೂ ದಿನನಿತ್ಯ ಎದುರಿಸುವ ಪ್ರಶ್ನೆ ಇದು. ಒಬ್ಬ ಪರೀಕ್ಷಕರು ಚುಕ್ಕಿಯನ್ನು ಒಳಗೆ ಸೇರಿಸಿ ತಿದ್ದುತ್ತಾರೆ, ಇನ್ನೊಬ್ಬರು ಅದನ್ನೇ ಹೊರಗೆ ತಂದು ತಿದ್ದುತ್ತಾರೆ. ತಾವು ವ್ಯಾಕರಣದ ತಪ್ಪನ್ನೇ ಸರಿಪಡಿಸಿದೆವು ಎಂಬ ನಂಬಿಕೆ ಇಬ್ಬರದೂ. ಆದರೆ ಇದು ವ್ಯಾಕರಣದ ವಿಷಯವೇ ಅಲ್ಲ. ಅಮೆರಿಕ ಮತ್ತು ಬ್ರಿಟನ್ನುಗಳಲ್ಲಿ ಬೇರೆ ಬೇರೆಯಾಗಿ ಬೆಳೆದ ಎರಡು ಮುದ್ರಣ ಪದ್ಧತಿಗಳ ವಿಷಯ. ಎರಡೂ ವ್ಯಾಪಕವಾಗಿ ಬಳಕೆಯಲ್ಲಿವೆ ಎಂಬ ಕಾರಣಕ್ಕೆ ಎರಡೂ ಒಂದೇ ತೂಕದವು ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಆಯ್ಕೆಯ ಸ್ವಾತಂತ್ರ್ಯ ನಮ್ಮ ಕೈಯಲ್ಲಿರುವ ಕಡೆಗಳಲ್ಲೆಲ್ಲ ನಾವು ಅರ್ಥವನ್ನು ಅನುಸರಿಸುವ ಬ್ರಿಟಿಷ್ ಪದ್ಧತಿಯನ್ನೇ ಹಿಡಿಯಬೇಕು, ಅದಕ್ಕೆ ಗಟ್ಟಿಯಾದ ಕಾರಣಗಳಿವೆ.

ಮೊದಲು ನಿಯಮಗಳನ್ನು ನೋಡೋಣ. ಅಮೆರಿಕದ ಪದ್ಧತಿಯಲ್ಲಿ ಪೂರ್ಣವಿರಾಮ ಮತ್ತು ಅಲ್ಪವಿರಾಮ ಯಾವಾಗಲೂ ಮುಚ್ಚುವ ಚಿಹ್ನೆಯ ಒಳಗೇ ಇರಬೇಕು, ಅವು ಉದ್ಧರಿಸಿದ ಮಾತಿಗೆ ಸೇರಿರಲಿ ಬಿಡಲಿ. ಅರ್ಧವಿರಾಮ ಮತ್ತು ಕೋಲನ್ ಯಾವಾಗಲೂ ಹೊರಗಿರಬೇಕು. ಪ್ರಶ್ನಾರ್ಥಕ ಮತ್ತು ಭಾವಸೂಚಕ ಚಿಹ್ನೆಗಳು ಮಾತ್ರ ಅರ್ಥಕ್ಕೆ ತಕ್ಕಂತೆ ಒಳಗೋ ಹೊರಗೋ ಬರುತ್ತವೆ. ಬ್ರಿಟಿಷ್ ಪದ್ಧತಿಯಲ್ಲಿ ಎಲ್ಲ ಚಿಹ್ನೆಗಳಿಗೂ ಒಂದೇ ಸೂತ್ರ: ಚಿಹ್ನೆ ಉದ್ಧರಿಸಿದ ಮಾತಿಗೆ ಸೇರಿದ್ದರೆ ಒಳಗೆ, ಬರೆಯುವವನ ವಾಕ್ಯಕ್ಕೆ ಸೇರಿದ್ದರೆ ಹೊರಗೆ. ಈ ವಾಕ್ಯ ನೋಡಿ: ಹಿ ಸೆಡ್, “ಐ ಆ್ಯಮ್ ಬಿಜಿ.” ಇಲ್ಲಿ ಒಳಗಿರುವುದು ಪೂರ್ತಿ ವಾಕ್ಯ, ಆದ್ದರಿಂದ ಎರಡೂ ಪದ್ಧತಿಗಳಲ್ಲಿ ಚುಕ್ಕಿ ಒಳಗೇ. ಇನ್ನು ಈ ವಾಕ್ಯ: ಹಿ ಕಾಲ್ಡ್ ಇಟ್ “ಎ ಸ್ಮಾಲ್ ಮಿಸ್ಟೇಕ್”. ಇಲ್ಲಿ ಉದ್ಧರಿಸಿದ್ದು ಮೂರು ಪದಗಳ ತುಣುಕು ಮಾತ್ರ, ವಾಕ್ಯವನ್ನು ಮುಗಿಸಿದವನು ಬರೆಯುವವನು. ಬ್ರಿಟಿಷ್ ಕ್ರಮ ಚುಕ್ಕಿಯನ್ನು ಹೊರಗಿಡುತ್ತದೆ, ಅಮೆರಿಕದ ಕ್ರಮ ಒಳಗೆ ಸೇರಿಸುತ್ತದೆ. ತಕರಾರು ಇರುವುದು ಇಂಥ ತುಣುಕುಗಳ ವಿಷಯದಲ್ಲಿ ಮಾತ್ರ. ಒಂಟಿ ಉದ್ಧರಣ ಚಿಹ್ನೆ ಬಳಸಬೇಕೋ ಜೋಡಿ ಚಿಹ್ನೆಯೋ ಎಂಬುದು ಬೇರೆಯೇ ಪ್ರಶ್ನೆ. ಅದನ್ನು ಇದರೊಂದಿಗೆ ಬೆರೆಸಿ ಗೊಂದಲ ಮಾಡಿಕೊಳ್ಳಬೇಕಿಲ್ಲ.

ನಮ್ಮಲ್ಲಿ ಈ ಗೊಂದಲ ಹೆಚ್ಚಾಗಿರುವುದಕ್ಕೆ ಶಾಲೆಯ ಪಾಠವೂ ಒಂದು ಕಾರಣ. ಉದ್ಧರಣ ಚಿಹ್ನೆಯನ್ನು ನಮ್ಮ ಮಕ್ಕಳು ಕಲಿಯುವುದು ಡೈರೆಕ್ಟ್ ಸ್ಪೀಚ್, ಇನ್‌ಡೈರೆಕ್ಟ್ ಸ್ಪೀಚ್ ಅಭ್ಯಾಸದಲ್ಲಿ. ರೆನ್ ಮತ್ತು ಮಾರ್ಟಿನ್ ವ್ಯಾಕರಣದಿಂದ ಹಿಡಿದು ಇವತ್ತಿನ ಗೈಡುಗಳವರೆಗೆ ಅಲ್ಲಿ ಬರುವುದೆಲ್ಲ ಹೆಚ್ಚುಕಡಿಮೆ ಪೂರ್ತಿ ವಾಕ್ಯದ ಸಂಭಾಷಣೆಗಳೇ. ರಾಮ ಹೀಗೆಂದ, ಸೀತೆ ಹಾಗೆಂದಳು. ಪೂರ್ತಿ ವಾಕ್ಯವಾದ್ದರಿಂದ ಚುಕ್ಕಿ ಸದಾ ಒಳಗೆ. ವರ್ಷಗಟ್ಟಲೆ ಇದನ್ನೇ ಬರೆದ ವಿದ್ಯಾರ್ಥಿ ಚುಕ್ಕಿ ಒಳಗೇ ಇರುವುದು ನಿಯಮ ಎಂದು ತಿಳಿಯುತ್ತಾನೆ. ಕಾಲೇಜಿಗೆ ಬಂದು ಒಂದು ಪದವನ್ನೋ ಕಥೆಯ ಹೆಸರನ್ನೋ ಉದ್ಧರಿಸಬೇಕಾದಾಗ ಅದೇ ರೂಢಿಯನ್ನು ಮುಂದುವರಿಸುತ್ತಾನೆ. ಹೀಗೆ ಬ್ರಿಟಿಷ್ ಕಾಗುಣಿತದಲ್ಲಿ ಬರೆಯುವ ಕೈಯೇ ವಿರಾಮಚಿಹ್ನೆಯಲ್ಲಿ ಅಮೆರಿಕದ ಪದ್ಧತಿಯನ್ನು ತನಗೇ ಅರಿವಿಲ್ಲದೆ ಪಾಲಿಸುತ್ತಿರುತ್ತದೆ.

ಇನ್ನೊಂದು ಕಾರಣ ಕನ್ನಡದ ವಾಕ್ಯರಚನೆಯಲ್ಲೇ ಇದೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಬೇರೆಯವರ ಮಾತು ಮುಗಿದೊಡನೆ ‘ಎಂದು’, ‘ಅಂತ’ ಬಂದು ಅದನ್ನು ಪ್ರತ್ಯೇಕಿಸುತ್ತದೆ. “ನಾಳೆ ಬರುತ್ತೇನೆ” ಎಂದು ಹೇಳಿದ. ಇಲ್ಲಿ ಪೂರ್ಣವಿರಾಮಕ್ಕೂ ಮುಚ್ಚುವ ಚಿಹ್ನೆಗೂ ಮುಖಾಮುಖಿಯೇ ಆಗುವುದಿಲ್ಲ. ಓಲೆಗರಿಯ ಕಾಲದಲ್ಲಿ ಒಂಟಿ ಗೀಟು, ಜೋಡಿ ಗೀಟುಗಳಲ್ಲೇ ಕೆಲಸ ನಡೆಸಿದ ಕನ್ನಡ 19ನೇ ಶತಮಾನದ ಅಚ್ಚುಕೂಟಗಳ ಮೂಲಕ ಇಂಗ್ಲಿಷಿನ ಚಿಹ್ನೆಗಳನ್ನು ತೆಗೆದುಕೊಂಡಿತು. ಚಿಹ್ನೆಗಳ ಜೊತೆಗೆ ಈ ತಕರಾರು ಮಾತ್ರ ಬರಲಿಲ್ಲ, ಅದಕ್ಕೆ ಇಲ್ಲಿ ಜಾಗವೇ ಇರಲಿಲ್ಲ. ಹಾಗೆಂದು ನಮಗೆ ಒಳಗು ಹೊರಗಿನ ವಿವೇಚನೆ ಇಲ್ಲವೆಂದಲ್ಲ. ಪುಸ್ತಕದ ಹೆಸರಿಗೆ ವಿಭಕ್ತಿ ಹಚ್ಚುವಾಗ ‘ಸಂಸ್ಕಾರ’ದಲ್ಲಿ, ‘ಮೂಕಜ್ಜಿಯ ಕನಸುಗಳು’ವಿನಲ್ಲಿ ಎಂದು ಪ್ರತ್ಯಯವನ್ನು ಚಿಹ್ನೆಯ ಹೊರಗಿಟ್ಟು ಬರೆಯುತ್ತೇವೆ. ಏಕೆಂದರೆ ಅನಂತಮೂರ್ತಿ ಇಟ್ಟ ಹೆಸರು ‘ಸಂಸ್ಕಾರ’. ‘ದಲ್ಲಿ’ ನಮ್ಮ ವಾಕ್ಯದ ಅಗತ್ಯ. ಹಾಗೆಯೇ “ಯಾವಾಗ ಬಂದೆ?” ಎಂದು ಅವಳು ಕೇಳಿದರೆ ಪ್ರಶ್ನೆಯ ಚಿಹ್ನೆ ಒಳಗೆ. “ಬರುತ್ತೇನೆ” ಎಂದು ಅವನು ಹೇಳಿದನೇ ಎಂಬ ಅನುಮಾನ ನಮ್ಮದಾದರೆ ಅದು ವಾಕ್ಯದ ಕೊನೆಗೆ, ಹೊರಗೆ. ಬ್ರಿಟಿಷ್ ಪದ್ಧತಿ ಇಂಗ್ಲಿಷಿನಲ್ಲಿ ಬಯಸುವುದು ಇಷ್ಟನ್ನೇ. ಕನ್ನಡಿಗರಿಗೆ ಅದು ಹೊಸದಾಗಿ ಕಲಿಯಬೇಕಾದ ಶಿಸ್ತಲ್ಲ.

ಇತಿಹಾಸವೂ ಅಮೆರಿಕದ ನಿಯಮದ ಪರವಾಗಿ ಹೆಚ್ಚೇನನ್ನೂ ಹೇಳುವುದಿಲ್ಲ. ಉದ್ಧರಣ ಚಿಹ್ನೆಯ ಮೂಲ ಪ್ರಾಚೀನ ಗ್ರೀಕ್ ಹಸ್ತಪ್ರತಿಗಳ ಅಂಚಿನಲ್ಲಿ ಹಾಕುತ್ತಿದ್ದ ಬಾಣದ ತುದಿಯಂಥ ಗುರುತು. ಗಮನಿಸಬೇಕಾದ ಸಾಲು ಇದು ಎಂದು ತೋರಿಸುವುದಷ್ಟೇ ಅದರ ಕೆಲಸ. ಅಚ್ಚಿನ ಆರಂಭದ ಕಾಲದಲ್ಲೂ ಅದು ಪುಟದ ಅಂಚಿನಲ್ಲಿ, ಉದ್ಧೃತ ಸಾಲುಗಳ ಎದುರಿಗೆ ನಿಲ್ಲುತ್ತಿತ್ತು. ಮಾತು ಎಲ್ಲಿ ಮುಗಿಯಿತು ಎಂದು ತೋರಿಸುವ ಮುಚ್ಚುವ ಚಿಹ್ನೆಯೇ ಇಲ್ಲದಾಗ ಒಳಗೆ ಹೊರಗೆ ಎಂಬ ಪ್ರಶ್ನೆ ಏಳುವುದಾದರೂ ಹೇಗೆ? ಚಿಹ್ನೆ ಅಂಚಿನಿಂದ ಸಾಲಿನೊಳಕ್ಕೆ ಬಂದು, ತೆರೆಯುವುದಕ್ಕೊಂದು ಮುಚ್ಚುವುದಕ್ಕೊಂದು ಎಂದು ಜೋಡಿಯಾದ ಮೇಲೆ ಮುದ್ರಕರು ತಮಗೆ ಚೆಂದ ಕಂಡ ಕಡೆ ಚುಕ್ಕಿ ಇಡತೊಡಗಿದರು. ಬ್ರಿಟನ್ನಿನ ಮುದ್ರಕರಲ್ಲೂ ಒಳಗೇ ಇಡುವ ರೂಢಿ ಬಲವಾಗಿತ್ತು. ಫೌಲರ್ ಸೋದರರು 1906ರಲ್ಲಿ ‘ದಿ ಕಿಂಗ್ಸ್ ಇಂಗ್ಲಿಷ್’ ಪ್ರಕಟಿಸಿದಾಗ ಈ ರೂಢಿಯನ್ನು ಪ್ರಶ್ನಿಸಿ, ಅರ್ಥವೇ ಸ್ಥಾನವನ್ನು ನಿರ್ಧರಿಸಬೇಕು ಎಂದು ವಾದಿಸಿದರು. ಷಿಕಾಗೊ ವಿಶ್ವವಿದ್ಯಾಲಯದ ಮುದ್ರಣಾಲಯ ಮುಂದೆ ಅಮೆರಿಕದ ಪ್ರಕಾಶಕರಿಗೆಲ್ಲ ಪ್ರಮಾಣವಾದ ‘ಷಿಕಾಗೊ ಮ್ಯಾನ್ಯುಯಲ್ ಆಫ್ ಸ್ಟೈಲ್’ ಕೈಪಿಡಿಯ ಮೊದಲ ಆವೃತ್ತಿಯನ್ನು ಹೊರತಂದದ್ದೂ ಅದೇ 1906ರಲ್ಲಿ. ಒಂದು ದೇಶ ರೂಢಿಯನ್ನು ಮರುಪರಿಶೀಲಿಸಿತು, ಇನ್ನೊಂದು ಅದನ್ನು ನಿಯಮವಾಗಿ ಗಟ್ಟಿಮಾಡಿತು.

ಅಮೆರಿಕದ ರೂಢಿಗೆ ಜನಪ್ರಿಯವಾದ ವಿವರಣೆಯೊಂದಿದೆ. ಸೀಸದ ಅಚ್ಚುಮೊಳೆಗಳ ಕಾಲದಲ್ಲಿ ಚುಕ್ಕಿ ಮತ್ತು ಅಲ್ಪವಿರಾಮದ ಮೊಳೆಗಳು ತೀರಾ ಸಣಕಲು, ಸಾಲಿನ ತುದಿಯಲ್ಲಿಟ್ಟರೆ ಮುರಿಯುತ್ತಿದ್ದವು ಅಥವಾ ಜಾರುತ್ತಿದ್ದವು, ಅದಕ್ಕೇ ಉದ್ಧರಣ ಚಿಹ್ನೆಯ ಮೊಳೆಯ ಹಿಂದೆ ಅವನ್ನು ಕಾಪಾಡಿಕೊಂಡರು ಎಂಬುದು ಆ ವಿವರಣೆ. ಕೇಳಲು ಚೆನ್ನಾಗಿದೆ, ಆದರೆ ಒಪ್ಪಲು ಕಷ್ಟ. ಅರ್ಧವಿರಾಮ ಮತ್ತು ಕೋಲನ್ನಿನ ಮೊಳೆಗಳೂ ಸಣಕಲೇ, ಅವನ್ನು ಮಾತ್ರ ಅದೇ ನಿಯಮ ಹೊರಗಿಡುತ್ತದೆ. ಉದ್ಧರಣೆಯೇ ಇಲ್ಲದ ಸಾವಿರಾರು ಸಾಲುಗಳ ಕೊನೆಯಲ್ಲಿ ಚುಕ್ಕಿ ಒಂಟಿಯಾಗಿಯೇ ನಿಂತಿರುತ್ತದೆ. ನಂಬಬಹುದಾದ ಕಾರಣ ಕಣ್ಣಿನದು: ಮೇಲೆತ್ತರದಲ್ಲಿರುವ ಉದ್ಧರಣ ಚಿಹ್ನೆಯ ಆಚೆಗೆ ಕೆಳಗೆ ಚುಕ್ಕಿ ಬಂದರೆ ನಡುವೆ ಬಿಳಿಯ ತೆರಪು ಕಾಣುತ್ತದೆ, ಒಳಗಿಟ್ಟರೆ ಆ ತೆರಪು ಮುಚ್ಚುತ್ತದೆ. ಅಂದರೆ ಇದು ಮೂಲತಃ ಅಂದದ ನಿಯಮ. ಅಂದಕ್ಕೂ ಬೆಲೆಯಿದೆ. ಆದರೆ ಅಂದವೂ ಅರ್ಥವೂ ಎದುರುಬದುರಾದಾಗ ಯಾವುದು ಮೇಲು ಎಂಬುದನ್ನು ತೀರ್ಮಾನಿಸಬೇಕಾಗುತ್ತದೆ.

ಈ ತೀರ್ಮಾನಕ್ಕೆ ನನ್ನ ದೃಷ್ಟಿಯಲ್ಲಿ ಅತ್ಯಂತ ಬಲವಾದ ಸಾಕ್ಷ್ಯ ಕಾನೂನಿನ ಪಠ್ಯದಲ್ಲಿದೆ. 1976ರ ಸಂವಿಧಾನದ 42ನೇ ತಿದ್ದುಪಡಿ ಕಾಯ್ದೆಯ ಎರಡನೇ ಸೆಕ್ಷನ್ ಪೀಠಿಕೆಯನ್ನು ಬದಲಿಸಿತು. ಸಮಾಜವಾದಿ, ಜಾತ್ಯತೀತ ಎಂಬ ಪದಗಳು ಸೇರಿದ್ದು ಎಲ್ಲರಿಗೂ ಗೊತ್ತು. ಅದೇ ಸೆಕ್ಷನ್ನಿನ ಇನ್ನೊಂದು ಭಾಗ “ಯೂನಿಟಿ ಆಫ್ ದ ನೇಷನ್” ಎಂಬ ಪದಗಳ ಬದಲಿಗೆ “ಯೂನಿಟಿ ಆ್ಯಂಡ್ ಇಂಟೆಗ್ರಿಟಿ ಆಫ್ ದ ನೇಷನ್” ಎಂಬ ಪದಗಳನ್ನು ಸೇರಿಸಿತು. ಕಾಯ್ದೆಯ ಇಂಗ್ಲಿಷ್ ವಾಕ್ಯದಲ್ಲಿ ಮೊದಲ ಉದ್ಧರಣೆಯ ನಂತರ ಬರುವ ಅಲ್ಪವಿರಾಮ ಚಿಹ್ನೆಯ ಹೊರಗಿದೆ. ಅದು ಒಳಗಿದ್ದರೆ ಏನಾಗುತ್ತಿತ್ತು? ಪೀಠಿಕೆಯಲ್ಲಿ ನೇಷನ್ ಎಂಬ ಪದದ ಮುಂದೆ ಇರುವುದು ಅರ್ಧವಿರಾಮ, ಅಲ್ಪವಿರಾಮವಲ್ಲ. ಅಕ್ಷರಶಃ ಓದಿದರೆ, ಪೀಠಿಕೆಯಲ್ಲಿ ಎಲ್ಲೂ ಇಲ್ಲದ ಪದಗುಚ್ಛವನ್ನು ತೆಗೆದುಹಾಕಿ ಎಂದು ಸಂಸತ್ತು ಹೇಳಿದಂತಾಗುತ್ತಿತ್ತು. ತಿದ್ದುಪಡಿ ಕಾಯ್ದೆಯಲ್ಲಿ ಉದ್ಧರಣ ಚಿಹ್ನೆಯ ಒಳಗಿರುವ ಪ್ರತಿಯೊಂದು ಗುರುತೂ ಕಾನೂನಿನ ಭಾಗವಾಗುತ್ತದೆ. ಕರಡು ಬರೆಯುವವರಿಗೆ ಇದು ಗೊತ್ತು, ಆದ್ದರಿಂದಲೇ ಅವರು ತಮ್ಮ ವಾಕ್ಯದ ಚಿಹ್ನೆಯನ್ನು ಹೊರಗಿಡುತ್ತಾರೆ. ಇನ್ನೂ ಗಮನಾರ್ಹ ಸಂಗತಿಯೆಂದರೆ ಅಮೆರಿಕದ ಕಾಂಗ್ರೆಸ್ಸಿನ ತಿದ್ದುಪಡಿ ಕಾಯ್ದೆಗಳೂ ಹೀಗೆಯೇ ಬರೆಯುತ್ತವೆ. ಇಂಥ ಪದ ತೆಗೆದು ಇಂಥ ಪದ ಸೇರಿಸಿ ಎನ್ನುವಾಗ ಅಲ್ಲಿಯೂ ಚುಕ್ಕಿ ಹೊರಗೇ ಇರುತ್ತದೆ. ನಿಖರತೆ ಅನಿವಾರ್ಯವಾದಾಗ ಅಮೆರಿಕವೇ ತನ್ನ ನಿಯಮವನ್ನು ಬದಿಗಿಡುತ್ತದೆ.

ಕಂಪ್ಯೂಟರ್ ಕ್ಷೇತ್ರದ ಅನುಭವವೂ ಇದೇ. ಲೈನಸ್ ಟೊರ್ವಾಲ್ಡ್ಸ್ 2005ರಲ್ಲಿ ರೂಪಿಸಿದ ಗಿಟ್ ಎಂಬ ಸಾಧನವನ್ನು ಬೆಂಗಳೂರಿನ ಪ್ರೋಗ್ರಾಮರುಗಳೆಲ್ಲ ಬಲ್ಲರು. ಅದರಲ್ಲಿ “ಗಿಟ್ ಆ್ಯಡ್” ಎಂದಷ್ಟೇ ಟೈಪ್ ಮಾಡಿದರೆ ಯಾವ ಫೈಲೂ ಸೇರುವುದಿಲ್ಲ. ಅದರ ಮುಂದೆ ಜಾಗ ಬಿಟ್ಟು ಒಂದು ಚುಕ್ಕಿ ಹಾಕಿದರೆ ಆ ಫೋಲ್ಡರಿನ ಬದಲಾವಣೆಗಳೆಲ್ಲ ಸೇರುತ್ತವೆ. ಇಲ್ಲಿ ಚುಕ್ಕಿ ವಿರಾಮವಲ್ಲ, ಆದೇಶದ ಅಂಗ. ಈಗ ಕೈಪಿಡಿಯಲ್ಲಿ ಈ ಆದೇಶವನ್ನು ಉದ್ಧರಣ ಚಿಹ್ನೆಯಲ್ಲಿಟ್ಟು, ಅಲ್ಲಿಗೇ ವಾಕ್ಯ ಮುಗಿಸಿ, ಅಮೆರಿಕದ ನಿಯಮದಂತೆ ಚುಕ್ಕಿಯನ್ನು ಒಳಗಿಟ್ಟರೆ ಓದುಗನಿಗೆ ತಿಳಿಯುವ ಬಗೆಯೇನು? ಆ ಚುಕ್ಕಿಯನ್ನು ಟೈಪ್ ಮಾಡಬೇಕೋ, ಅದು ವಾಕ್ಯದ ಕೊನೆಯೋ? ಪಾಸ್‌ವರ್ಡ್, ಇಮೇಲ್ ವಿಳಾಸ, ವೆಬ್ ವಿಳಾಸ ಎಲ್ಲಕ್ಕೂ ಇದೇ ಕಷ್ಟ. ಪದಗಳನ್ನೇ ಪರೀಕ್ಷಿಸುವ ಭಾಷಾವಿಜ್ಞಾನಿಗಳೂ ಇದನ್ನು ಒಪ್ಪಲಿಲ್ಲ: ಲಿಂಗ್ವಿಸ್ಟಿಕ್ ಸೊಸೈಟಿ ಆಫ್ ಅಮೆರಿಕ ಹೊರತರುವ ‘ಲ್ಯಾಂಗ್ವೇಜ್’ ನಿಯತಕಾಲಿಕ ಅಮೆರಿಕದ್ದಾಗಿಯೂ ಅರ್ಥಾನುಸಾರಿ ಕ್ರಮವನ್ನೇ ಕೇಳುತ್ತದೆ. ಷಿಕಾಗೊ ಕೈಪಿಡಿ ಕೂಡ ಗ್ರಂಥಸಂಪಾದನೆ, ಕಂಪ್ಯೂಟರ್ ಬರವಣಿಗೆಯಂಥ ಕಡೆ ವಿನಾಯಿತಿ ಕೊಡುತ್ತದೆ. ಇಷ್ಟು ಕಡೆ ವಿನಾಯಿತಿ ಬೇಡುವ ನಿಯಮದ ಬುಡವೇ ಗಟ್ಟಿಯಿಲ್ಲ ಎಂದು ತೀರ್ಮಾನಿಸುವುದು ಅನ್ಯಾಯವಲ್ಲ.

ಆಕ್ಷೇಪಗಳಿವೆ, ಅವುಗಳಲ್ಲಿ ಕೆಲವಕ್ಕೆ ಬಲವೂ ಇದೆ. ಅಮೆರಿಕದ ನಿಯಮ ಸರಳ, ಯೋಚಿಸಬೇಕಿಲ್ಲ, ಹಾಗಾಗಿ ತಪ್ಪೂ ಕಡಿಮೆ ಎನ್ನುತ್ತಾರೆ. ಚುಕ್ಕಿ ಮತ್ತು ಅಲ್ಪವಿರಾಮಗಳನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಇದು ನಿಜ. ಆದರೆ ಆ ಪದ್ಧತಿಯನ್ನು ಪೂರ್ತಿಯಾಗಿ ಕಲಿಯುವವನು ಮೂರು ನಿಯಮ ನೆನಪಿಡಬೇಕು: ಎರಡು ಚಿಹ್ನೆ ಸದಾ ಒಳಗೆ, ಎರಡು ಸದಾ ಹೊರಗೆ, ಇನ್ನೆರಡು ಅರ್ಥದ ಮೇಲೆ. ಕೊನೆಯ ಎರಡನ್ನು ಅರ್ಥಕ್ಕೆ ಬಿಡದೆ ಅವರಿಗೂ ಗತಿಯಿರಲಿಲ್ಲ. ಮಂತ್ರಿ “ಐ ವಿಲ್ ರಿಸೈನ್” ಎಂದರೇ ಎಂದು ವರದಿಗಾರ ಪ್ರಶ್ನಿಸುವುದಕ್ಕೂ, ಮಂತ್ರಿಯೇ ಪ್ರಶ್ನೆಯ ಧಾಟಿಯಲ್ಲಿ “ಐ ವಿಲ್ ರಿಸೈನ್?” ಎಂದದ್ದಕ್ಕೂ ಅಜಗಜಾಂತರ. ಪ್ರಶ್ನೆ ಯಾರದು, ಉದ್ಗಾರ ಯಾರದು ಎಂಬುದು ಬೆರೆತರೆ ಸುದ್ದಿಯೇ ಸುಳ್ಳಾಗುತ್ತದೆ. ಆರು ಚಿಹ್ನೆಗಳಿಗೂ ಒಂದೇ ಪ್ರಶ್ನೆ ಕೇಳುವ ಪದ್ಧತಿಯನ್ನು ಮೂರು ನಿಯಮದ ಪದ್ಧತಿಗಿಂತ ಕಠಿಣ ಎನ್ನುವುದು ಹೇಗೆ? ಬ್ರಿಟಿಷ್ ಪದ್ಧತಿಯೂ ಒಂದು ಕಡೆ ರೂಢಿಗೆ ತಲೆಬಾಗುತ್ತದೆ ಎಂಬುದನ್ನು ಮಾತ್ರ ಒಪ್ಪಬೇಕು. ಒಳಗಿನ ಮಾತು ಪ್ರಶ್ನಾರ್ಥಕ ಚಿಹ್ನೆಯಿಂದ ಮುಗಿದು ಅಲ್ಲಿಗೇ ಹೊರಗಿನ ವಾಕ್ಯವೂ ಮುಗಿದರೆ ಮತ್ತೊಂದು ಚುಕ್ಕಿ ಸೇರಿಸುವುದಿಲ್ಲ. ತರ್ಕದ ಪ್ರಕಾರ ಸೇರಿಸಬೇಕಿತ್ತು. ಎರಡು ಗುರುತುಗಳು ಒಟ್ಟಿಗೆ ಬೀಳುವುದು ಕಣ್ಣಿಗೆ ಹಿತವಲ್ಲವೆಂದು ಒಂದನ್ನು ಬಿಡುತ್ತಾರೆ.

ಚುಕ್ಕಿ ಅಲ್ಪವಿರಾಮಗಳಿಂದ ಯಾರೂ ದಾರಿ ತಪ್ಪುವುದಿಲ್ಲ, ಪ್ರಶ್ನಾರ್ಥಕ ಚಿಹ್ನೆಯಂತೆ ಅವು ಧಾಟಿಯನ್ನು ಬದಲಿಸುವುದಿಲ್ಲ ಎಂಬುದು ಇದಕ್ಕಿಂತ ತೂಕದ ಆಕ್ಷೇಪ. ದಿನನಿತ್ಯದ ಬರಹದಲ್ಲಿ ಬಹುಪಾಲು ಇದು ನಿಜವೇ. ಅನಂತಮೂರ್ತಿಯವರ “ಘಟಶ್ರಾದ್ಧ”, “ಮೌನಿ”, “ಸೂರ್ಯನ ಕುದುರೆ” ಕಥೆಗಳನ್ನು ಇಂಗ್ಲಿಷ್ ಲೇಖನದಲ್ಲಿ ಪಟ್ಟಿ ಮಾಡುವಾಗ ಅಲ್ಪವಿರಾಮ ಒಳಗಿದ್ದರೂ ಅದು ಕಥೆಯ ಹೆಸರಿನ ಭಾಗವೆಂದು ಯಾವ ಓದುಗನೂ ತಿಳಿಯಲಾರ. ಆದರೆ ನಿಯಮವೊಂದರ ಪರೀಕ್ಷೆ ನಡೆಯುವುದು ಸುಲಭದ ಸಂದರ್ಭದಲ್ಲಲ್ಲ. ಕಾನೂನು, ಕಂಪ್ಯೂಟರ್, ಪಾಠಾಂತರಗಳ ಚರ್ಚೆ, ಕವಿತೆಯ ಸಾಲಿನ ವಿಶ್ಲೇಷಣೆ ಇವುಗಳಲ್ಲಿ ಚುಕ್ಕಿಯೂ ಸಾಕ್ಷ್ಯವಾಗುತ್ತದೆ. ಕವಿ ಸಾಲಿನ ಕೊನೆಯಲ್ಲಿ ವಿರಾಮ ಹಾಕದೆ ಮುಂದಿನ ಸಾಲಿಗೆ ಹರಿಯಬಿಟ್ಟಿದ್ದರೆ, ಆ ಸಾಲನ್ನು ಉದ್ಧರಿಸುವ ವಿಮರ್ಶಕ ಒಳಗೊಂದು ಚುಕ್ಕಿ ಸೇರಿಸಿದಾಗ ತಾನು ಚರ್ಚಿಸಬೇಕಾದ ಗುಣವನ್ನೇ ಅಳಿಸಿರುತ್ತಾನೆ. ಕಷ್ಟದ ಕಡೆಯೂ ಸುಲಭದ ಕಡೆಯೂ ಒಂದೇ ರೀತಿ ಕೆಲಸ ಮಾಡುವ ನಿಯಮ ಕೈಯಲ್ಲಿರುವಾಗ ಎರಡು ಇಟ್ಟುಕೊಳ್ಳುವುದೇಕೆ?

ಆಡಿದ ಮಾತಿಗೆ ವಿರಾಮಚಿಹ್ನೆಗಳೇ ಇರುವುದಿಲ್ಲವಲ್ಲ, ಭಾಷಣಕಾರ ಚುಕ್ಕಿ ಇಟ್ಟನೋ ಇಲ್ಲವೋ ಎಂದು ಬರೆಯುವವನಿಗೆ ಹೇಗೆ ಗೊತ್ತಾಗಬೇಕು ಎಂದು ಕೇಳುವವರಿದ್ದಾರೆ. ನಿಜವಾದ ಕಷ್ಟವೇ. ಇಲ್ಲಿ ಮಾನದಂಡ ಚಿಹ್ನೆಯಲ್ಲ, ವಾಕ್ಯದ ಪೂರ್ಣತೆ. ಭಾಷಣಕಾರನ ಪೂರ್ತಿ ವಾಕ್ಯವನ್ನು ವಾಕ್ಯವಾಗಿಯೇ ಕೊಡುತ್ತಿದ್ದರೆ ಚುಕ್ಕಿ ಒಳಗೆ. ಎರಡು ಮೂರು ಪದ ಎತ್ತಿಕೊಂಡು ನಿಮ್ಮ ವಾಕ್ಯದೊಳಗೆ ಹೊಂದಿಸಿದ್ದರೆ ಹೊರಗೆ. ಇದರಿಂದ ಓದುಗನಿಗೊಂದು ಲಾಭವಿದೆ. ಚುಕ್ಕಿ ಹೊರಗಿದೆಯೆಂದರೆ ಮಾತನ್ನು ನಡುವೆ ಕತ್ತರಿಸಿಕೊಂಡಿದ್ದಾರೆ, ಮುಂದೆ ಇನ್ನೇನೋ ಇದ್ದಿರಬಹುದು ಎಂಬ ಸುಳಿವು ಸಿಗುತ್ತದೆ. ಸಾರ್ವಜನಿಕ ವ್ಯಕ್ತಿಗಳ ಅರ್ಧ ಮಾತನ್ನೇ ಪೂರ್ತಿ ಮಾತೆಂದು ಹಂಚುವ ಈ ಕಾಲದಲ್ಲಿ ಆ ಸುಳಿವು ಕಡಿಮೆಯದಲ್ಲ. ಬರೆಯುವವನಿಗೂ ಮೂಲವನ್ನು ಮತ್ತೊಮ್ಮೆ ತೆರೆದು ನೋಡುವ ಒತ್ತಾಯ ಬೀಳುತ್ತದೆ, ಅದು ಒಳ್ಳೆಯ ಒತ್ತಾಯ. ಕಥೆ ಕಾದಂಬರಿಗಳ ಸಂಭಾಷಣೆ ಮಾತ್ರ ಬೇರೆ: ಪಾತ್ರದ ಮಾತು ಮುಗಿದು ‘ಹಿ ಸೆಡ್’ ಬರುವಲ್ಲಿ ಬ್ರಿಟಿಷ್ ಪ್ರಕಾಶಕರೂ ಸಾಮಾನ್ಯವಾಗಿ ಅಲ್ಪವಿರಾಮವನ್ನು ಒಳಗೇ ಇಡುತ್ತಾರೆ. ಅಲ್ಲಿ ಉದ್ಧರಿಸಲು ಬೇರೆ ಮೂಲವೇ ಇಲ್ಲ, ಎಲ್ಲವೂ ಕಥೆಗಾರನದೇ ಮಾತಾದ್ದರಿಂದ ಹಾನಿಯಿಲ್ಲ. ಕನ್ನಡದ ಕಥೆಗಳನ್ನು ಇಂಗ್ಲಿಷಿಗೆ ತರುವವರು ಈ ರೂಢಿಯನ್ನು ಹಾಗೆಯೇ ಪಾಲಿಸಬಹುದು.

ನಮ್ಮ ಗಿರಾಕಿಗಳು ಅಮೆರಿಕದವರು, ಮಕ್ಕಳು ಓದಲು ಹೋಗುವುದೂ ಅಲ್ಲಿಗೇ, ಮತ್ತೇಕೆ ಬ್ರಿಟಿಷ್ ಪದ್ಧತಿ ಎಂಬುದು ವ್ಯಾವಹಾರಿಕ ಪ್ರಶ್ನೆ. ಅದಕ್ಕೆ ಉತ್ತರವೂ ವ್ಯಾವಹಾರಿಕವೇ. ಅಮೆರಿಕದ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಕೊಡುವವರು ಅಲ್ಲಿನ ಎಪಿಎ, ಎಂಎಲ್‌ಎ ಕೈಪಿಡಿಗಳು ಹೇಳಿದಂತೆ ಚುಕ್ಕಿಯನ್ನು ಒಳಗೇ ಇಡಬೇಕು, ಅಲ್ಲಿ ಸ್ವಂತ ಅಭಿಪ್ರಾಯ ಸಾಧಿಸುವುದರಲ್ಲಿ ಅರ್ಥವಿಲ್ಲ. ಕಂಪನಿಗೆ ತನ್ನದೇ ಶೈಲಿಸೂಚಿ ಇದ್ದರೆ ಅದೇ ಪ್ರಮಾಣ. ಆದರೆ ನಾವು ಇಲ್ಲಿ, ನಮ್ಮ ಓದುಗರಿಗಾಗಿ ಬರೆಯುವ ಇಂಗ್ಲಿಷ್ ಬಹಳಷ್ಟಿದೆ: ವಿಶ್ವವಿದ್ಯಾಲಯಗಳ ಪ್ರಬಂಧಗಳು, ಸರ್ಕಾರಿ ಪತ್ರಗಳು, ಪತ್ರಿಕೆಗಳು, ಅಭಿನಂದನ ಗ್ರಂಥಗಳು. ಇವುಗಳಲ್ಲಿ ಒಂದೇ ಪುಟದಲ್ಲಿ ಎರಡೂ ಪದ್ಧತಿ ಬೆರೆತಿರುವುದನ್ನು ಯಾರೂ ಗಮನಿಸಬಹುದು. ಅದು ಸ್ವಾತಂತ್ರ್ಯವಲ್ಲ, ಅಲಕ್ಷ್ಯ.

ಹೈಸ್ಕೂಲಿನ ಇಂಗ್ಲಿಷ್ ಶಿಕ್ಷಕರಲ್ಲಿ ಒಂದು ವಿನಂತಿ. ಡೈರೆಕ್ಟ್ ಸ್ಪೀಚ್ ಪಾಠದ ಕೊನೆಗೆ ಸಂಭಾಷಣೆಯಲ್ಲದ ನಾಲ್ಕೈದು ವಾಕ್ಯ ಕೊಡಿ: ಒಂದರಲ್ಲಿ ಪದ್ಯದ ಹೆಸರಿರಲಿ, ಒಂದರಲ್ಲಿ ಒಂಟಿ ಪದ, ಒಂದರಲ್ಲಿ ಭಾಷಣದ ತುಣುಕು. ಚುಕ್ಕಿ ಯಾರದು ಎಂದು ಮಕ್ಕಳನ್ನೇ ಕೇಳಿ, ಅವರು ಹೇಳಬಲ್ಲರು. ಅಮೆರಿಕದಲ್ಲಿ ಬೇರೆ ಪದ್ಧತಿಯಿದೆ ಎಂಬುದನ್ನೂ ಅದೇ ತರಗತಿಯಲ್ಲಿ ತಿಳಿಸಿ. ಉತ್ತರಪತ್ರಿಕೆಯಲ್ಲಿ ಮಗು ಎರಡರಲ್ಲಿ ಯಾವುದನ್ನಾದರೂ ಹಿಡಿದು ಕೊನೆಯವರೆಗೂ ಅದನ್ನೇ ಪಾಲಿಸಿದ್ದರೆ ದಯವಿಟ್ಟು ಅಂಕ ಕಳೆಯಬೇಡಿ.